ಗಡಿಯಾರದ ಅಂಚಿನ ಕೆಂಪು ಚುಕ್ಕೆಗಳು

ನಮ್ಮ ಮನೆಯಲ್ಲಿ ಅಲಾರಂ ಹೊಡೆದರೆ, ಅದನ್ನು ಇಟ್ಟವರನ್ನು ಬಿಟ್ಟು ಉಳಿದವರೆಲ್ಲ ಏಳುತ್ತಾರೆ. ಇಡುವವಳು ನನ್ನ ಮಗಳು ಅನಘಾ. ಅವಳ ಮೊಬೈಲಿನಲ್ಲಿ ಮೊದಲು ಕೊಳಲು, ಆಮೇಲೆ ಹಕ್ಕಿಗಳ ಕಲರವ, ಕೊನೆಗೆ ಎಲ್ಲೋ ಬೆಂಕಿ ಬಿದ್ದಂಥ ಸೈರನ್. ಕೊಳಲಿಗೆ ನಾನು ಏಳುತ್ತೇನೆ, ಹಕ್ಕಿಗೆ ನನ್ನ ಹೆಂಡತಿ ವೀಣಾ ಏಳುತ್ತಾಳೆ, ಸೈರನ್ನಿಗೆ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಇಡೀ ಮಹಡಿ ಏಳುತ್ತದೆ. ಅನಘಾ ಮಗ್ಗುಲು ಬದಲಿಸುತ್ತಾಳೆ. ಎಂಬತ್ತು ದಾಟಿದ ನನ್ನ ಅಮ್ಮ ಇದಕ್ಕೆಲ್ಲ ಮುಂಚೆಯೇ ಎದ್ದು, ಬಾಲ್ಕನಿಯ ಕುರ್ಚಿಯಲ್ಲಿ ಕೂತು, “ನಿಮ್ಮಪ್ಪ ಇದ್ದಾಗ ಅಲಾರಂ ಹೊಡೆಯೋ ಅಗತ್ಯಾನೇ ಬೀಳ್ತಿರಲಿಲ್ಲ” ಎನ್ನುತ್ತಾಳೆ.

ಅದು ನಿಜ. ಭಾಂಡುಪ್‌ನ ಚಾಳಿನಲ್ಲಿ, ಒಂದೊಂದೇ ಕೋಣೆಯ ಮನೆಗಳ ವಠಾರದಲ್ಲಿ, ನಾವಿದ್ದಾಗ ಒಂದು ಅಲಾರಂ ಗಡಿಯಾರವಿತ್ತು. ತಲೆಯ ಮೇಲೆ ಎರಡು ಗಂಟೆಗಳು, ನಡುವೆ ಪುಟ್ಟ ಸುತ್ತಿಗೆ, ಕೆಳಗೆ ಮೂರು ಕಾಲು. ಅಪ್ಪ ನಕ್ಷೆ ಬಿಡಿಸುವ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರು ನಿವೃತ್ತಿಯಾಗುವಾಗ ಕೊಟ್ಟು ಹೋದದ್ದಂತೆ. ಆದರೆ ಅದು ಹೊಡೆದದ್ದನ್ನು ನಾನು ಕೇಳಿದ್ದು ಬಹಳ ಅಪರೂಪ. ಅದು ಬಾಯಿ ತೆರೆಯುವ ಮೊದಲೇ ಅಪ್ಪ ಕತ್ತಲಲ್ಲಿ ಕೈ ಚಾಚಿ ಅದರ ನೆತ್ತಿ ಒತ್ತಿಬಿಡುತ್ತಿದ್ದರು. ನಾವು ಮಲಗುತ್ತಿದ್ದುದು ಒಂದೇ ಕೋಣೆಯಲ್ಲಿ. ಎಚ್ಚರವಾದಾಗ ನನಗೆ ಕಾಣುತ್ತಿದ್ದುದು ಗಡಿಯಾರದ ಮುಖದ ಮೇಲೆ ಮೆಲ್ಲಗೆ ಆಡುವ ಅಪ್ಪನ ಬೆರಳುಗಳು. ಮಲಗಿದ ಬೆಕ್ಕಿನ ಕಿವಿಯನ್ನು ಸವರುವ ಹಾಗೆ. ಅಪ್ಪನಿಗೆ ಆ ಗಡಿಯಾರವೆಂದರೆ ಪ್ರಾಣ ಎಂದು ನಾನು ತಿಳಿದಿದ್ದೆ. ದೊಡ್ಡವನಾದ ಮೇಲೂ ಕಂಡಕಂಡವರಿಗೆ ಹಾಗೆಯೇ ಹೇಳಿಕೊಂಡು ಬಂದೆ.

ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅಮ್ಮನ ಟ್ರಂಕು ಖಾಲಿ ಮಾಡಬೇಕಾಯಿತು. ಹಳೆಯ ರೇಷ್ಮೆ ಸೀರೆಯ ಮಡಿಕೆಯಿಂದ ಗಡಿಯಾರ ಹೊರಬಂತು. ಅನಘಾ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಲ್‌ನ ನಡುವೆ ನಿಂತಳು. ಅವಳ ಕನ್ನಡ ಮುಂಬಯಿಯ ಲೋಕಲ್ ರೈಲಿನ ಹಾಗೆ, ಮಧ್ಯೆ ಮಧ್ಯೆ ನಿಲ್ಲುತ್ತದೆ, ಬೇರೆ ಭಾಷೆಗಳನ್ನು ಹತ್ತಿಸಿಕೊಂಡು ಮುಂದೆ ಹೊರಡುತ್ತದೆ.

“ಅಪ್ಪಾ, ಯೇ ತೋ ಆ್ಯಂಟೀಕ್ ಇದೆ! ಇಂಥಾದ್ದು ಜನ ಕಲೆಕ್ಟ್ ಮಾಡ್ತಾರೆ, ಪತಾ ಹೈ? ಎಷ್ಟು ವ್ಯಾಲ್ಯೂ ಇರ್ಬೌದು?”

“ಅದು ಹಾಳಾಗಿದೆ ಮರಿ. ಅಲ್ಲೇ ಇಡು,” ಎಂದಳು ಅಮ್ಮ.

“ಹಾಳಾಗಿದ್ರೂ ವ್ಯಾಲ್ಯೂ ಇರ್ತದೆ ಅಜ್ಜಿ.”

ಅಮ್ಮ ಸೀರೆಯನ್ನು ಮಡಿಸುತ್ತ ಕೂತಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ನನ್ನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ವಿಮಾ ಕಚೇರಿಯಲ್ಲಿ ನನ್ನ ಕೆಲಸ ಹಾನಿಯ ಅಂದಾಜು ಮಾಡುವುದು. ಮಳೆಗಾಲದಲ್ಲಿ ನೀರು ನುಗ್ಗಿದ ಗೋದಾಮು, ಸುಟ್ಟ ಯಂತ್ರ, ನಜ್ಜುಗುಜ್ಜಾದ ಟೆಂಪೋ, ಇವುಗಳ ಮುಂದೆ ನಿಂತು ಇಷ್ಟು ಉಳಿದಿದೆ, ಇಷ್ಟು ಹೋಗಿದೆ ಎಂದು ಹೇಳಿ ಹೇಳಿ ನನಗೆ ಒಂದು ಜಂಬ ಬಂದಿದೆ. ಯಾವ ವಸ್ತುವನ್ನು ಕಂಡರೂ ಅದರ ಗಾಯಗಳನ್ನು ಓದಬಲ್ಲೆ ಎಂಬ ಜಂಬ. ಹಾಗಾಗಿ ಗಡಿಯಾರದ ಕುಲಗೋತ್ರ ಹುಡುಕುವ ಕೆಲಸಕ್ಕೆ ನಾನೇ ಇಳಿದೆ. ಭೂತಗನ್ನಡಿ ಕೊಂಡೆ. ಇಂಟರ್ನೆಟ್ಟಿನಲ್ಲಿ ಹಳೆಯ ಗಡಿಯಾರಗಳ ಚಿತ್ರ ನೋಡುತ್ತ ಕೂತೆ. ವಾರ ಕಳೆಯುವುದರೊಳಗೆ ಆಫೀಸಿನ ಕ್ಯಾಂಟೀನಿನಲ್ಲಿ ಸ್ಪ್ರಿಂಗುಗಳ ಬಗ್ಗೆ ಉಪನ್ಯಾಸ ಶುರುಮಾಡಿದೆ. ಸಹೋದ್ಯೋಗಿಗಳು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗತೊಡಗಿದರು.

ನಾನು ಪತ್ತೆ ಮಾಡಿದ್ದು ಇಷ್ಟು. ಗಡಿಯಾರ ಹಿತ್ತಾಳೆಯದು, ಮೇಲಿನ ನಿಕ್ಕಲ್ ಹೊಳಪು ಅಲ್ಲಲ್ಲಿ ಸವೆದಿದೆ. ಮುಖದ ಮೇಲಿನ ಗಾಜು ಇಲ್ಲ. ಗಾಜನ್ನು ಹಿಡಿದಿಡುವ ಬಳೆಯಂಥ ಅಂಚಿನ ಮೇಲೆ, ಹನ್ನೆರಡು, ಮೂರು, ಆರು, ಒಂಬತ್ತು ಅಂಕಿಗಳ ನೇರಕ್ಕೆ, ಗಟ್ಟಿಯಾದ ಕೆಂಪು ಚುಕ್ಕೆಗಳಿವೆ. ಹನ್ನೆರಡರ ಬಳಿ ಮಾತ್ರ ಜೋಡಿ ಚುಕ್ಕೆ. ಅವು ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆಯುಧಪೂಜೆಯ ದಿನ ಅಮ್ಮ ಸುತ್ತಿಗೆ, ಕತ್ತರಿ, ಹೊಲಿಗೆ ಯಂತ್ರ, ಅಪ್ಪನ ಸ್ಕೇಲು, ಕಂಪಾಸು, ಎಲ್ಲಕ್ಕೂ ಕುಂಕುಮ ಇಡುತ್ತಿದ್ದಳು. ಗಡಿಯಾರಕ್ಕೂ ಇಟ್ಟಿದ್ದಾಳೆ, ಅದು ವರ್ಷ ವರ್ಷ ಸೇರಿ ಕಲ್ಲಾಗಿದೆ. ಅಷ್ಟೇ.

ಅನಘಾ ಚಿತ್ರಗಳನ್ನು ಗಡಿಯಾರ ಪ್ರೇಮಿಗಳ ಒಂದು ಗುಂಪಿಗೆ ಹಾಕಿದಳು. ವಿಲೆ ಪಾರ್ಲೆಯಿಂದ ಒಬ್ಬ ನಿವೃತ್ತ ಭೌತಶಾಸ್ತ್ರದ ಪ್ರೊಫೆಸರ್ ಉತ್ತರ ಬರೆದರು: ಭಾನುವಾರ ಮಧ್ಯಾಹ್ನ ಬನ್ನಿ, ಕೈಯಲ್ಲಿ ಹಿಡಿದು ನೋಡದೆ ನಾನು ಏನೂ ಹೇಳುವುದಿಲ್ಲ. ಅನಘಾಳಿಗೆ ಗೆಳತಿಯ ಹುಟ್ಟುಹಬ್ಬವಿತ್ತು. ನಾನೊಬ್ಬನೇ ಗಡಿಯಾರವನ್ನು ಟವೆಲ್ಲಿನಲ್ಲಿ ಸುತ್ತಿ, ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೊರಟೆ.

ಪ್ರೊಫೆಸರ್ ಪರಾಂಜಪೆಯವರ ಮನೆಯ ಗೋಡೆಗಳ ತುಂಬ ಗಡಿಯಾರ. ಎಲ್ಲವೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಯಾವುದು ಸರಿ ಎಂದು ಕೇಳಿದೆ. ಅವರು ಕೈಗಡಿಯಾರ ತೋರಿಸಿ, “ಇದು. ಇದಕ್ಕೆ ಬ್ಯಾಟರಿ,” ಎಂದು ನಕ್ಕರು. ಆಮೇಲೆ ನಗಲಿಲ್ಲ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ದೀಪ ತಗ್ಗಿಸಿ, ಹಿಂಭಾಗದ ಮುಚ್ಚಳ ತೆಗೆದರು. ಒಳಗಿನ ಹಿತ್ತಾಳೆಯ ತಗಡಿನ ಮೇಲೆ ಗಂಟೆಯ ಆಕಾರದ ಪುಟ್ಟ ಮುದ್ರೆಯಿತ್ತು, ಕೆಳಗೆ ಜರ್ಮನಿ ಎಂಬ ಹೆಸರು.

“ಬರೀ ಜರ್ಮನಿ ಅಂತಿದೆ, ನೋಡಿ. ಪೂರ್ವವೂ ಅಲ್ಲ, ಪಶ್ಚಿಮವೂ ಅಲ್ಲ. ಅಂದರೆ ಆ ದೇಶ ಎರಡಾಗುವ ಮೊದಲಿನದು ಇರಬೇಕು,” ಎಂದು ಮರಾಠಿಯಲ್ಲಿ ವಿವರಿಸಿದರು. “ಚಕ್ರಗಳೆಲ್ಲ ಮೂಲದವು. ಗಂಟೆಗಳೂ ಮೂಲದವು. ಇದು ಬಹಳ ಒಳ್ಳೆಯ ವಸ್ತು.”

ನನ್ನ ಎದೆ ಉಬ್ಬಿತು. ಅವರು ಗಡಿಯಾರವನ್ನು ತಿರುಗಿಸಿ ಮುಖ ನೋಡಿದರು. “ಅರೇ ದೇವಾ,” ಎಂದರು.

“ಏನಾಯಿತು?”

“ಗಾಜು ಒಡೆದದ್ದಲ್ಲ, ಯಾರೋ ಬೇಕೆಂದೇ ತೆಗೆದಿದ್ದಾರೆ. ಹಿಡಿತದ ಹಲ್ಲುಗಳನ್ನೆಲ್ಲ ಒಳಕ್ಕೆ ಬಗ್ಗಿಸಿದ್ದಾರೆ. ಮುಳ್ಳುಗಳ ತುದಿಯ ಕಪ್ಪು ಬಣ್ಣ ಪೂರ್ತಿ ಹೋಗಿದೆ, ಯಾರೋ ದಿನಾ ಮುಟ್ಟಿದ್ದಾರೆ. ಮತ್ತೆ ಇದೇನಿದು, ಅಂಚಿನ ತುಂಬ?”

“ಕುಂಕುಮ ಸರ್. ನಮ್ಮಲ್ಲಿ ಪೂಜೆಗೆ ಇಡುತ್ತಾರೆ.”

ಅವರು ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದರು, ಮೂಗಿನ ಹತ್ತಿರ ಹಿಡಿದರು. “ಕುಂಕುಮ ಅಲ್ಲ. ಅರಗು. ಪೋಸ್ಟಿನ ಪಾರ್ಸೆಲ್ಲಿಗೆ ಮುದ್ರೆ ಹಾಕುತ್ತಿದ್ದರಲ್ಲ, ಅದು. ಕಾಯಿಸಿ ಒಂದೊಂದೇ ಹನಿ ಬೀಳಿಸಿದ್ದಾರೆ. ಯಾರೋ ಮಕ್ಕಳ ಆಟವಿರಬೇಕು.” ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹಾಳಾಗದೆ ಇದ್ದಿದ್ದರೆ ಇದನ್ನು ಮಾರಿ ನೀವು ಹೊಸ ಫ್ರಿಜ್ ತರಬಹುದಿತ್ತು. ಈಗಿನ ಸ್ಥಿತಿಯಲ್ಲಿ ಮನೆಮಂದಿಯೆಲ್ಲ ಒಂದು ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಬಹುದು. ಬೇಜಾರು ಮಾಡಿಕೊಳ್ಳಬೇಡಿ.”

ಕೀಲಿ ಕೊಟ್ಟು, ಎಣ್ಣೆಯ ಒಂದು ಹನಿ ಬಿಟ್ಟು, ಹೊತ್ತು ಸರಿಮಾಡಿ ನನ್ನ ಕೈಗಿಟ್ಟರು. ಅಷ್ಟು ವರ್ಷ ಸೀರೆಯೊಳಗೆ ಮಲಗಿದ್ದದ್ದು ಟಿಕ್ ಟಿಕ್ ಎನ್ನತೊಡಗಿತು.

ಭಾನುವಾರವಾದ್ದರಿಂದ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮನಸ್ಸು ಪ್ರೊಫೆಸರರ ಮಾತಿನಲ್ಲೇ ಇತ್ತು. ಮಕ್ಕಳ ಆಟವಂತೆ. ಆ ಮನೆಯಲ್ಲಿದ್ದ ಮಗು ನಾನೊಬ್ಬನೇ. ಅರಗಿನೊಂದಿಗೆ ಆಟವಾಡುವ ಧೈರ್ಯ ನನಗೆ ಎಂದೂ ಇರಲಿಲ್ಲ. ಕೈ ಸುಮ್ಮನೆ ಚೀಲದೊಳಗೆ ಹೋಗಿತ್ತು. ಬೆರಳಿಗೆ ಜೋಡಿ ಚುಕ್ಕೆ ತಾಗಿತು. ಅಲ್ಲಿಂದ ಅಂಚಿನ ಗುಂಟ ಜಾರಿದರೆ ಒಂಟಿ ಚುಕ್ಕೆ. ಮತ್ತೊಂದು. ಬೆರಳು ತಾನಾಗಿ ಒಳಕ್ಕೆ ಸರಿದು ಗಿಡ್ಡ ಮುಳ್ಳನ್ನು ಮುಟ್ಟಿತು. ಅದು ಮೂರರ ಚುಕ್ಕೆಯನ್ನು ದಾಟಿ ಆರರ ಕಡೆಗೆ ಅರ್ಧ ದಾರಿಯಲ್ಲಿತ್ತು. ಉದ್ದ ಮುಳ್ಳು ಸರಿಯಾಗಿ ಆರರ ಚುಕ್ಕೆಗೆ ಮುಖಮಾಡಿತ್ತು.

ನಾಲ್ಕೂವರೆ, ಎಂದುಕೊಂಡೆ. ಜೋಗೇಶ್ವರಿ ಬಂತು. ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದೆ. ನಾಲ್ಕೂವರೆ.

ಕಣ್ಣಿನ ಸಹಾಯವಿಲ್ಲದೆ ನಾನು ಹೊತ್ತು ನೋಡಿದ್ದೆ.

ಆ ಕ್ಷಣ ನನಗೆ ಏನಾಯಿತೆಂದು ವಿವರಿಸುವುದು ಕಷ್ಟ. ಕೆಲವು ನೆನಪುಗಳನ್ನು ನಾವು ಎಷ್ಟೋ ವರ್ಷ ಒಂದೇ ಮಗ್ಗುಲಿನಿಂದ ನೋಡಿರುತ್ತೇವೆ. ಅವೆಲ್ಲ ಒಟ್ಟಿಗೆ ತಿರುಗಿ ನಿಂತವು. ಅಪ್ಪ ಗಡಿಯಾರವನ್ನು ಮುದ್ದಿಸುತ್ತಿರಲಿಲ್ಲ, ಓದುತ್ತಿದ್ದರು. ಚಾಳಿನಿಂದ ಫ್ಯಾಕ್ಟರಿಗೆ ಹೋಗಲು ರೈಲ್ವೆಯ ಮೇಲಿನ ಪಾದಚಾರಿ ಬ್ರಿಜ್ ದಾಟಬೇಕಿತ್ತು. ನನ್ನ ಶಾಲೆಯೂ ಆಚೆ ಬದಿಯಲ್ಲಿತ್ತು. ದಿನಾ ಬೆಳಿಗ್ಗೆ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದರು. ಚಾಳಿನ ಬೇರೆ ಯಾವ ಹುಡುಗನ ಅಪ್ಪನೂ ಹಾಗೆ ನಡೆಯುತ್ತಿರಲಿಲ್ಲವೆಂದು ನನಗೆ ಹೆಮ್ಮೆ. “ಮೆಟ್ಟಿಲು ಬಂದಾಗ ಹೇಳು, ಒಟ್ಟಿಗೆ ಎಣಿಸೋಣ” ಎನ್ನುತ್ತಿದ್ದರು. “ಆ ಬೋರ್ಡಿನಲ್ಲಿ ಏನು ಬರೆದಿದೆ, ಗಟ್ಟಿಯಾಗಿ ಓದು” ಎನ್ನುತ್ತಿದ್ದರು. ನಾನು ಲೆಕ್ಕ ಕಲಿತದ್ದೂ ಮರಾಠಿ, ಇಂಗ್ಲಿಷ್ ಅಕ್ಷರ ಕಲಿತದ್ದೂ ಆ ಬ್ರಿಜ್ಜಿನ ಮೇಲೆ. ಸಂಜೆ ಅವರು ಮರಳುವ ಹೊತ್ತಿಗೆ ಅಮ್ಮ ಬ್ರಿಜ್ಜಿನ ಬುಡದಲ್ಲಿ ಹೋಗಿ ನಿಲ್ಲುತ್ತಿದ್ದಳು. ಚಾಳಿನ ಹೆಂಗಸರು, “ನಿಮ್ಮ ಮಿಸ್ಟರ್ ಏನು ಕಳೆದುಹೋಗ್ತಾರಾ?” ಎಂದು ಚುಡಾಯಿಸುತ್ತಿದ್ದರು. ಅಮ್ಮ ನಾಚಿದವಳಂತೆ ನಗುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಅಪ್ಪನನ್ನು ಡ್ರಾಯಿಂಗ್ ಬೋರ್ಡಿನಿಂದ ನಕ್ಷೆಗಳನ್ನು ಜೋಡಿಸಿಡುವ ಕೋಣೆಗೆ ಹಾಕಿದರು. ಕಣ್ಣಿಗೆ ಪೊರೆ ಬಂದಿದೆ, ಬಲಿತ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ಅವರೇ ನಗುತ್ತ ಹೇಳಿದ್ದರು. ನಾನು ಕಾಲೇಜು ಸೇರಿದ ವರ್ಷ ಒಂದು ಮಧ್ಯಾಹ್ನ ಕೆಲಸದಲ್ಲಿದ್ದಾಗಲೇ ಅವರ ಹೃದಯ ನಿಂತಿತು. ಪೊರೆಯ ವಿಷಯ ಅಲ್ಲಿಗೆ ಮುಗಿದುಹೋಗಿತ್ತು.

ಗೋರೆಗಾಂವ್ ಬಂದದ್ದು ಗೊತ್ತಾಗಲಿಲ್ಲ. ಗಾಡಿ ಅಲ್ಲಿಗೇ ಕೊನೆಯಾದ್ದರಿಂದ ಪಕ್ಕದವರು ತಟ್ಟಿ ಎಬ್ಬಿಸಿದರು. ನಿದ್ದೆ ಹೋಗಿದ್ದೇನೆಂದುಕೊಂಡರೋ ಏನೋ.

ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು; ವೀಣಾ ಮಾರ್ಕೆಟ್ಟಿಗೆ ಹೋಗಿದ್ದಳು. ನಾನು ಗಡಿಯಾರವನ್ನು ಅಮ್ಮನ ಮುಂದಿಟ್ಟೆ. ಅದು ನಡೆಯುತ್ತಿರುವುದು ಕೇಳಿಸಿ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಮ್ಮ, ಇದು ಕುಂಕುಮ ಅಲ್ಲವಂತೆ.”

“ಅಲ್ಲ.”

“ಯಾರು ಹಾಕಿದ್ದು?”

“ನಾನೇ. ನೀನು ಸ್ಕೂಲಿಗೆ ಹೋದಾಗ. ಮೇಣದಬತ್ತೀಲಿ ಅರಗು ಕಾಯಿಸಿ ಹಾಕ್ದೆ. ಮೊದಲನೇ ಸಲ ಎಲ್ಲಾ ಹರಡಿ ಹೋಯ್ತು, ಕೆರೆದು ತೆಗೆದು ಮತ್ತೆ ಹಾಕ್ದೆ. ಹನ್ನೆರಡಕ್ಕೆ ಎರಡು ಹಾಕು ಅಂತ ಅವರೇ ಅಂದ್ರು, ತಲೆಕೆಳಗಾಗಿ ಹಿಡ್ಕೊಂಡ್ರೆ ಗೊತ್ತಾಗ್ಬೇಕಲ್ಲ ಅಂತ.”

ಅವಳು ನಿಧಾನವಾಗಿ ಎಲ್ಲ ಹೇಳಿದಳು. ಪೊರೆಯಲ್ಲ, ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ. ದೊಡ್ಡಾಸ್ಪತ್ರೆಯ ಡಾಕ್ಟರು ಹನಿ ಔಷಧಿ ಬರೆದುಕೊಟ್ಟರಂತೆ, ಆದರೆ ಹೋದ ದೃಷ್ಟಿ ಮರಳುವುದಿಲ್ಲ, ಬಂದದ್ದು ತಡವಾಯಿತು ಎಂದರಂತೆ. ಸುತ್ತಲಿನದೆಲ್ಲ ಮೊದಲು ಮಸುಕಾಯಿತು, ನೇರ ಎದುರಿನದು ಮಾತ್ರ ಬಹಳ ಕಾಲ ಉಳಿಯಿತು. ಹಾಗಾಗಿ ಬೋರ್ಡಿನ ಮೇಲಿನ ಗೆರೆ ಕಾಣುತ್ತಿತ್ತು, ಪಕ್ಕದಲ್ಲಿ ನಿಂತ ಮನುಷ್ಯ ಕಾಣುತ್ತಿರಲಿಲ್ಲ. ಬೆಳಗಿನ ಮಬ್ಬಿನಲ್ಲಿ ಏನೂ ಕಾಣುತ್ತಿರಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ?”

“ನೀನು ಮಗು. ಹೊರಗೆ ಆಡೋವಾಗ ಬಾಯಿಬಿಟ್ರೆ? ಚಾಳಲ್ಲಿ ಅರ್ಧ ಜನ ಅದೇ ಫ್ಯಾಕ್ಟರೀಲಿದ್ರು. ಕಣ್ಣಿಲ್ಲದ ಡ್ರಾಫ್ಟ್ಸ್‌ಮನ್ನ ಯಾರು ಇಟ್ಕೋತಾರೆ? ಆಮೇಲೆ ಅವರೇ ಹೋಗ್ಬಿಟ್ರು. ಅವರ ಗುಟ್ಟು ಅವರ ಜೊತೇಲೇ ಹೋಗ್ಲಿ ಅಂತ ಸುಮ್ಮನಾದೆ.”

ನನಗೆ ಕೇಳಬೇಕಿದ್ದ ಮಾತು ಬೇರೆ ಇತ್ತು. ಐವತ್ತೆಂಟರ ಗಂಡಸು ಕೇಳುವ ಮಾತಲ್ಲ, ಆದರೂ ಕೇಳಿದೆ. “ಹಾಗಾದರೆ ಅಪ್ಪ ನನ್ನ ಹೆಗಲ ಮೇಲೆ ಕೈಯಿಡ್ತಿದ್ದದ್ದು ದಾರಿ ಕಾಣಲಿಲ್ಲ ಅಂತಲಾ?”

ಅಮ್ಮ ನನ್ನನ್ನೇ ನೋಡಿದಳು. ಮೊದಲು ಸಿಟ್ಟು ಬಂದ ಹಾಗೆ ಕಂಡಿತು.

“ಭಾನುವಾರ ಇಡೀ ದಿನ ಮನೇಲೇ ಕೂತಿರ್ತಿದ್ರಲ್ಲೋ. ಆಗ್ಲೂ ನಿನ್ನ ಪಕ್ಕ ಕೂರಿಸ್ಕೊಂಡು ಹೆಗಲ ಮೇಲೆ ಕೈ ಹಾಕ್ಕೊಂಡೇ ಇರ್ತಿರ್ಲಿಲ್ವಾ? ಮನೇಲಿ ಯಾವ ಬ್ರಿಜ್ ಇತ್ತು?”

ನಾನು ತಲೆ ತಗ್ಗಿಸಿದೆ. ಅಮ್ಮ ನನ್ನ ಬೆನ್ನ ಮೇಲೆ ಕೈಯಾಡಿಸಿದಳು. ಆಮೇಲೆ ಅವಳ ದನಿಯೇ ಬದಲಾಯಿತು.

“ಇನ್ನೊಂದು ಹೇಳ್ಬೇಕು. ದೀಪಾವಳಿಯಿಂದ ನೋಡ್ತಾ ಇದೀನಿ. ಊಟಕ್ಕೆ ಕೂತಾಗ ಎಡಗಡೆ ಇಟ್ಟ ಲೋಟ ನೀನು ಕೆಡವ್ತೀಯ. ಬಾಗಿಲ ಚೌಕಟ್ಟಿಗೆ ಎಡ ಭುಜ ತಗುಲಿಸ್ಕೋತೀಯ. ವೀಣಾ ನಿಂಗೆ ಗಮನ ಇಲ್ಲ ಅಂತ ಬೈತಾಳೆ. ನಂಗೆ ನಿದ್ದೆ ಬರ್ತಿಲ್ಲ ಕಣೋ. ನಿಮ್ಮಪ್ಪಂಗೂ ಹೀಗೇ ಶುರುವಾಗಿದ್ದು.”

ಹಾನಿಯ ಅಂದಾಜುಗಾರನಾದ ನನಗೆ ನನ್ನದೇ ಎಡಗಡೆಯ ಪ್ರಪಂಚ ಕರಗುತ್ತಿದ್ದುದು ಗೊತ್ತೇ ಆಗಿರಲಿಲ್ಲ. ಲೋಟ ಬಿದ್ದಾಗಲೆಲ್ಲ ನಾನು ಲೋಟವನ್ನು ಅಲ್ಲಿಟ್ಟವರನ್ನು ಬೈಯುತ್ತಿದ್ದೆ.

ಮಾರನೆಯ ದಿನ ಪ್ರೊಫೆಸರ್ ಫೋನ್ ಮಾಡಿದರು. ಹೊಂದುವ ಗಾಜು ಸಿಕ್ಕಿದೆ, ಅರಗನ್ನು ಗುರುತೇ ಉಳಿಯದಂತೆ ತೆಗೆಯಬಲ್ಲೆ, ಬೆಲೆ ಮತ್ತೆ ಮೇಲೇರುತ್ತದೆ ಎಂದು ಉತ್ಸಾಹದಿಂದ ಹೇಳಿದರು. ನಾನು ಅಮ್ಮನ ಕಡೆ ನೋಡಿದೆ. ಅವಳು ಕಣ್ಣೀರು ಹಾಕಿ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ.

“ಕೊಡೋದಾದ್ರೆ ಕೊಡು. ನಂಗದರ ಮೇಲೆ ಮೋಹ ಇಲ್ಲ,” ಎಂದಳು. “ಅದನ್ನ ಕಂಡ್ರೆ ನಂಗೆ ಆಗಿನ ಹೆದರಿಕೇನೇ ನೆನಪಾಗೋದು.”

ಬೇಡವೆಂದದ್ದು ಅನಘಾ. ವಿಷಯವೆಲ್ಲ ಅವಳಿಗೆ ತಿಳಿದಿತ್ತು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮರಾಠಿಯಲ್ಲಿ ಬಹಳ ವಿನಯದಿಂದ, “ಸರ್, ಅದು ಹಾಳಾದದ್ದಲ್ಲ. ಹಾಗೆ ಮಾಡಿಸಿದ್ದು,” ಎಂದು ಇಡೀ ಕಥೆ ಹೇಳಿದಳು. ಆ ಕಡೆ ಪ್ರೊಫೆಸರ್ ಕೊನೆಗೆ, “ಅಪ್ಪನನ್ನು ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು” ಎಂದಷ್ಟೇ ಹೇಳಿ ಫೋನಿಟ್ಟರಂತೆ. ಗಡಿಯಾರ ಈಗ ಅನಘಾಳ ಕೋಣೆಯಲ್ಲಿದೆ.

ಕಣ್ಣಿನ ಡಾಕ್ಟರ ಬಳಿಗೆ ನಾನು ಮತ್ತು ಅನಘಾ ಹೋಗುವುದೆಂದಿತ್ತು. ಹೊರಡುವಾಗ ನೋಡಿದರೆ ಅಮ್ಮ ಒಳ್ಳೆಯ ಸೀರೆಯುಟ್ಟು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಬೇಡವೆಂದರೆ ಕೇಳಲಿಲ್ಲ. ರಿಕ್ಷಾದಲ್ಲಿ ಮೂವರೂ ಒತ್ತಿಕೊಂಡು ಹೋದೆವು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆಲುದನಿಯವಳು. ಒಂದು ಯಂತ್ರದ ಮುಂದೆ ಗಲ್ಲವಿಟ್ಟು ಕೂರಿಸಿ ಕಣ್ಣಿಗೆ ಗಾಳಿ ಊದಿದಳು. ಇನ್ನೊಂದರಲ್ಲಿ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಎಡಗಣ್ಣಿನ ಸರದಿಯಲ್ಲಿ ನಾನು ಎಷ್ಟೋ ಹೊತ್ತು ಗುಂಡಿ ಒತ್ತದೆ ಕೂತೆ. ಯಂತ್ರ ನಿಂತಿದೆ ಎಂದುಕೊಂಡಿದ್ದೆ, ಅದು ನಿಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಡಾಕ್ಟರ್ ಹಿಂದಿಯಲ್ಲಿ, “ನಿಮ್ಮ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇತ್ತೇ?” ಎಂದು ಕೇಳಿದಳು.

ಜೀವನವಿಡೀ ಇಲ್ಲವೆಂದು ಹೇಳಿ ರೂಢಿಯಾದ ನಾಲಿಗೆ. “ಇಲ್ಲ” ಎಂದು ಶುರುಮಾಡುತ್ತಿದ್ದೆ.

“ಥಾ,” ಎಂದಳು ಅಮ್ಮ ಹಿಂದಿನಿಂದ.

ನಾವೆಲ್ಲ ತಿರುಗಿ ನೋಡಿದೆವು. ಅಮ್ಮ ಕೋಲು ಊರಿ ಎದ್ದು ನಿಂತಿದ್ದಳು. “ಇಸ್ಕೆ ಫಾದರ್ ಕೋ ಥಾ. ಬಹುತ್ ಸಾಲ್ ಥಾ.” ಇವನ ಅಪ್ಪನಿಗೆ ಇತ್ತು, ಬಹಳ ವರ್ಷ ಇತ್ತು, ಎಂದು. ಅಷ್ಟು ವರ್ಷ ನೆರೆಹೊರೆಯವರಿಗೆ, ನೆಂಟರಿಗೆ, ಹೊಟ್ಟೆಯ ಮಗನಿಗೆ ಹೇಳದೆ ಉಳಿಸಿಕೊಂಡದ್ದನ್ನು ಅವಳು ಗುರುತಿಲ್ಲದ ಒಬ್ಬ ಹುಡುಗಿಯ ಮುಂದೆ, ಗಟ್ಟಿಯಾಗಿ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದಳು. ಹೇಳಿ ಮುಗಿಸಿ, ಯಾರೋ ಬೈಯಬಹುದೇನೋ ಎಂಬಂತೆ ಕಾದಳು. ಯಾರೂ ಬೈಯಲಿಲ್ಲ. ಡಾಕ್ಟರ್ ಎದ್ದು ಬಂದು ಅವಳ ತೋಳು ಹಿಡಿದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು.

ನನ್ನ ಎಡಗಣ್ಣಿನಲ್ಲಿ ಹೋದದ್ದು ಹೋಗಿದೆ. ಬಲಗಣ್ಣು ಬಹುಮಟ್ಟಿಗೆ ಚೆನ್ನಾಗಿದೆ. ದಿನಾ ಹನಿ ಹಾಕಿಕೊಂಡು, ಬಿಡದೆ ತೋರಿಸುತ್ತಿದ್ದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದಳು ಡಾಕ್ಟರ್. ಇನ್ನೂ ತಡಮಾಡಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲವಂತೆ. ಅನಘಾಳ ಕಣ್ಣನ್ನೂ ಇವತ್ತೇ ನೋಡಿಬಿಡುತ್ತೇನೆ ಎಂದಳು. ಅನಘಾ ಬಂದು ಯಂತ್ರದ ಮುಂದೆ ಗಲ್ಲವಿಟ್ಟು ಕೂತಳು.

ದೀಪ ಆರಿಸುವ ಮೊದಲು ಡಾಕ್ಟರ್ ಅಮ್ಮನ ಕಡೆ ತಿರುಗಿ, ಕುತೂಹಲ ತಡೆಯಲಾರದೆ ಕೇಳಿದಳು. “ಆಗ ಇಷ್ಟೆಲ್ಲ ಔಷಧಿ ಇರಲಿಲ್ಲ. ಅವರು ಅಷ್ಟು ವರ್ಷ ಕೆಲಸ, ಓಡಾಟ, ಎಲ್ಲ ಹೇಗೆ ನಿಭಾಯಿಸಿದರು ಮಾಜೀ?”

ಅಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು.

“ಮೈ ಥಾ ನಾ,” ಎಂದಳು.

ನಾನಿದ್ದೆನಲ್ಲ, ಎಂದು. ಅಮ್ಮನ ಹಿಂದಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಅವಳು ತನ್ನ ಬಗ್ಗೆ ‘ಥಾ’ ಎಂದಾಗಲೆಲ್ಲ ಅನಘಾ ‘ಥೀ ಅಜ್ಜಿ, ಥೀ’ ಎಂದು ತಿದ್ದುತ್ತಾಳೆ. ಅವತ್ತು ತಿದ್ದಲಿಲ್ಲ. ಗಲ್ಲವನ್ನು ಯಂತ್ರದ ಮೇಲಿಟ್ಟುಕೊಂಡು, ಎದುರಿನ ಬೆಳಕಿಗೆ ಕಣ್ಣು ತೆರೆದು ಸುಮ್ಮನೆ ಕೂತಿದ್ದಳು.